ಹೃದಯ ಮರಳಿದ ಮೇಲೆ: ಮಿದುಳಿನ ರಕ್ಷಣೆ ಮತ್ತು ಅಪ್ರಮಾದ

ಪ್ರಾಣರಕ್ಷಣೆಯೇ ಧರ್ಮದ ಮೊದಲ ಮೆಟ್ಟಿಲೆಂಬುದನ್ನು ಒಪ್ಪದ ಶ್ರಾವಕನಿಲ್ಲ. ಆದರೆ ಪ್ರಾಣವೆಂದರೆ ಯಾವುದು, ಅದನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು ಎಂಬ ಪ್ರಶ್ನೆಯನ್ನು ಆಧುನಿಕ ವೈದ್ಯವಿಜ್ಞಾನವು ಕಳೆದ ಆರು ದಶಕಗಳಿಂದ ಹೊಸ ರೀತಿಯಲ್ಲಿ ಮನುಷ್ಯನ ಮುಂದಿಟ್ಟಿದೆ. ಹಿಂದಿನ ಕಾಲದಲ್ಲಿ ಹೃದಯ ನಿಂತಿತೆಂದರೆ ಆಯುಷ್ಯ ಮುಗಿಯಿತೆಂದೇ ಅರ್ಥ. ಅಲ್ಲಿ ಶೋಕಕ್ಕೆ ಎಡೆಯಿತ್ತೇ ಹೊರತು ವಿಚಾರಕ್ಕೆ ಎಡೆಯಿರಲಿಲ್ಲ. ಈಗ ನಿಂತ ಹೃದಯವನ್ನು ಕೆಲವು ಸಂದರ್ಭಗಳಲ್ಲಿ ಮರಳಿ ನಡೆಸಬಹುದಾಗಿದೆ. ಆದರೆ ಹೃದಯ ಮರಳಿದ ಮಾತ್ರಕ್ಕೆ ಮನುಷ್ಯ ಮರಳಿದನೆಂದು ಹೇಳಲಾಗದು. ನಾಡಿ ಮಿಡಿಯುತ್ತಿರುತ್ತದೆ, ಯಂತ್ರದ ನೆರವಿನಿಂದ ಉಸಿರು ನಡೆಯುತ್ತಿರುತ್ತದೆ. ಆದರೂ ಕಣ್ಣು ತೆರೆಯುವುದಿಲ್ಲ, ಮಕ್ಕಳು ಕರೆದರೆ ಓಗೊಡುವುದಿಲ್ಲ. ಹೃದಯ ನಿಂತಿದ್ದ ಅಷ್ಟೇ ನಿಮಿಷಗಳಲ್ಲಿ ಮಿದುಳು ಗಾಯಗೊಂಡಿರುತ್ತದೆ.

ಇಂತಹ ಸನ್ನಿವೇಶದಲ್ಲಿ ಕುಟುಂಬದವರು ಎರಡು ಪರಸ್ಪರ ವಿರುದ್ಧವಾದ ಮಾತುಗಳನ್ನು ಆಡುವುದುಂಟು. ಮಿದುಳು ಕೆಟ್ಟ ಮೇಲೆ ಹೃದಯವನ್ನು ಎಬ್ಬಿಸಿ ಪ್ರಯೋಜನವೇನು, ಶಾಂತವಾಗಿ ಹೋಗಗೊಡುವುದೇ ಲೇಸಲ್ಲವೇ ಎಂಬುದು ಒಂದು. ಒಮ್ಮೆ ಯಂತ್ರ ಜೋಡಿಸಿದ ಮೇಲೆ ಅದನ್ನು ತೆಗೆಯುವುದು ಕೊಲೆಗೆ ಸಮಾನ, ಎಷ್ಟು ಕಾಲವಾದರೂ ಸರಿ ನಡೆಯುತ್ತಿರಲಿ ಎಂಬುದು ಇನ್ನೊಂದು. ಎರಡರಲ್ಲಿಯೂ ಕರುಣೆಯಿದೆ, ಎರಡರಲ್ಲಿಯೂ ದೋಷವಿದೆ. ಒಂದು ಕಾಲದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದು ಕಾಲದಲ್ಲಿ ಕೇಳುವುದೇ ಆ ದೋಷ. ಹೃದಯಸ್ತಂಭನದ ಅನಂತರ ಮೂರು ಕಾಲಗಳಿವೆ: ಮೊದಲ ಕೆಲವು ನಿಮಿಷಗಳು, ಮೊದಲ ಕೆಲವು ದಿನಗಳು, ಅದರಾಚೆಯ ಕಾಲ. ಒಂದೊಂದಕ್ಕೂ ಬೇರೆ ಬೇರೆ ಕರ್ತವ್ಯವಿದೆ. ಆ ಕರ್ತವ್ಯಗಳನ್ನು ಬೆರೆಸದೆ ನೋಡುವುದು ವಿವೇಕ.

ಹತ್ತು ಪ್ರಾಣಗಳು, ಒಂದು ಅಂಗ

ಹೃದಯಾಘಾತ ಮತ್ತು ಹೃದಯಸ್ತಂಭನ ಎಂಬ ಎರಡು ಪದಗಳನ್ನು ಜನರು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಆಗ ರೋಗಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾನೆ, ಎದೆನೋವೆಂದು ಹೇಳುತ್ತಾನೆ. ಹೃದಯವು ರಕ್ತವನ್ನು ತಳ್ಳುವ ಕೆಲಸವನ್ನೇ ನಿಲ್ಲಿಸುವುದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಎರಡೂ ಒಂದೇ ಅಲ್ಲ. ಸ್ತಂಭನವಾದಾಗ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಎಚ್ಚರ ತಪ್ಪುತ್ತದೆ. ಕೆಲವೊಮ್ಮೆ ಏದುಸಿರಿನಂತಹ ವಿಕಾರವಾದ ಉಸಿರು ಸ್ವಲ್ಪ ಹೊತ್ತು ಕಾಣಿಸಿಕೊಂಡು, ನೋಡುವವರಿಗೆ ಉಸಿರಾಟವಿದೆಯೆಂಬ ಭ್ರಮೆ ಹುಟ್ಟಿಸುತ್ತದೆ.

ಮನುಷ್ಯನ ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗ ಅದಕ್ಕೇ ಬೇಕು. ಇಷ್ಟು ದೊಡ್ಡ ಖರ್ಚಿನ ಈ ಅಂಗದಲ್ಲಿ ಸಂಗ್ರಹವೆಂಬುದು ಇಲ್ಲವೇ ಇಲ್ಲ. ದಿನದ ಸಂಪಾದನೆಯನ್ನೇ ನೆಚ್ಚಿ ನಡೆಯುವ ಅಂಗಡಿಯಂತೆ, ರಕ್ತದ ಹರಿವು ನಿಂತ ಕೂಡಲೇ ಅದರ ವ್ಯವಹಾರ ನಿಲ್ಲುತ್ತದೆ. ನಾಲ್ಕೈದು ನಿಮಿಷಗಳಲ್ಲಿ ನರಕೋಶಗಳಿಗೆ ಹಾನಿ ಆರಂಭವಾಗುತ್ತದೆ. ನೆನಪಿಗೆ ಆಧಾರವಾದ ಭಾಗದ ಕೋಶಗಳು ಎಲ್ಲಕ್ಕಿಂತ ಮೊದಲು ನಲುಗುವವುಗಳಲ್ಲಿ ಸೇರಿವೆ.

ಜೈನ ಶಾಸ್ತ್ರಕಾರರು ಸಂಜ್ಞಿ ಪಂಚೇಂದ್ರಿಯ ಜೀವಕ್ಕೆ ಹತ್ತು ಪ್ರಾಣಗಳನ್ನು ಹೇಳಿದ್ದಾರೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಉಚ್ಛ್ವಾಸ ಮತ್ತು ಆಯುಷ್ಯ. ಹೃದಯವು ಮರಳಿ ಮಿಡಿದು ಉಸಿರು ನಡೆದರೂ ಮಿದುಳು ಮರಳದಿದ್ದರೆ ಈ ಹತ್ತರಲ್ಲಿ ಉಳಿಯುವುದೆಷ್ಟು? ನೋಡುವುದು, ಕೇಳುವುದು, ನೆನೆಯುವುದು, ನುಡಿಯುವುದು, ಕೈಯೆತ್ತುವುದು ಇವೆಲ್ಲವೂ ಮಿದುಳನ್ನೇ ಆಶ್ರಯಿಸಿವೆ. ಆದ್ದರಿಂದ ಮಿದುಳಿನ ರಕ್ಷಣೆಯೆಂದರೆ ವೈದ್ಯಶಾಸ್ತ್ರದ ಒಂದು ಸೂಕ್ಷ್ಮ ಶಾಖೆಯ ವಿಷಯ ಮಾತ್ರವಲ್ಲ. ಅದು ಬಹುಪಾಲು ಪ್ರಾಣಗಳ ರಕ್ಷಣೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಗಳಿಗೆ ಆಗುವ ಹಾನಿಯ ಜೊತೆಗೆ ಅದರ ಹಿಂದಿರುವ ಪ್ರಮಾದವನ್ನೂ ಸೇರಿಸಿ ಹೇಳುತ್ತದೆ. ಎಚ್ಚರಗೇಡಿತನವೇ ಹಿಂಸೆಯ ಬೇರು. ಈ ದೃಷ್ಟಿಯಿಂದ ಮೂರು ಕಾಲಗಳನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ಮೊದಲ ನಿಮಿಷಗಳು: ಕೈಯ ಕರ್ತವ್ಯ

ಬಿದ್ದವನ ಎದೆಯ ಮೇಲೆ ಕೈಯಿಟ್ಟು ಒತ್ತುವುದರಿಂದ ರಕ್ತವನ್ನು ಸ್ವಲ್ಪಮಟ್ಟಿಗೆ ಹರಿಸಬಹುದೆಂಬುದನ್ನು 1960ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜ್ಯೂಡ್ ಮತ್ತು ನಿಕರ್‌ಬಾಕರ್ ಎಂಬವರು ಪ್ರಕಟಿಸಿದರು. ಅದೇ ನಗರದಲ್ಲಿದ್ದ ವಿಯೆನ್ನಾ ಮೂಲದ ಅರಿವಳಿಕೆ ತಜ್ಞ ಡಾ. ಪೀಟರ್ ಸಾಫರ್ ಬಾಯಿಯಿಂದ ಬಾಯಿಗೆ ಉಸಿರು ಕೊಡುವ ವಿಧಾನದ ಪ್ರಯೋಜನವನ್ನು ತೋರಿಸಿದ್ದರು. ಈ ಎರಡೂ ಸೇರಿ ಇಂದು ಸಿ.ಪಿ.ಆರ್. ಎಂದು ಪ್ರಸಿದ್ಧವಾಗಿರುವ ಕ್ರಮ ರೂಪುಗೊಂಡಿತು.

ಸಾಫರ್ ಅವರ ಜೀವನದಲ್ಲಿ 1966ರಲ್ಲಿ ಒಂದು ದುರಂತ ನಡೆಯಿತು. ಅವರ ಪುಟ್ಟ ಮಗಳು ತೀವ್ರ ಉಬ್ಬಸದಿಂದ ಕುಸಿದಳು. ಆಕೆಯ ಹೃದಯ ಮತ್ತು ಶ್ವಾಸಕೋಶಗಳನ್ನು ಮರಳಿ ನಡೆಸಲು ಸಾಧ್ಯವಾಯಿತು, ಮಿದುಳನ್ನು ಉಳಿಸಲಾಗಲಿಲ್ಲ. ಜಗತ್ತಿಗೆ ಪುನಶ್ಚೇತನದ ವಿದ್ಯೆಯನ್ನು ಕಲಿಸಿದ ತಂದೆಯ ಮುಂದೆಯೇ ಆ ವಿದ್ಯೆಯ ಮಿತಿ ಹೀಗೆ ಬಂದು ನಿಂತಿತು. ಆ ಬಳಿಕ ಅವರು ತಮ್ಮ ಶ್ರಮವನ್ನು ಎರಡು ದಿಕ್ಕುಗಳಲ್ಲಿ ಹರಿಸಿದರು. 1967ರಲ್ಲಿ ಪಿಟ್ಸ್‌ಬರ್ಗ್ ನಗರದ ಬಡ ಕಪ್ಪುಜನಾಂಗದ ಯುವಕರಿಗೆ ತರಬೇತಿ ನೀಡಿ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆಯನ್ನು ಕಟ್ಟುವುದರಲ್ಲಿ ನೆರವಾದರು; ರೋಗಿ ಆಸ್ಪತ್ರೆ ಸೇರುವ ಮೊದಲೇ ಚಿಕಿತ್ಸೆ ಆರಂಭವಾಗಬೇಕೆಂಬುದು ಅದರ ಉದ್ದೇಶ. ಇನ್ನೊಂದೆಡೆ, ಪುನಶ್ಚೇತನದ ಗುರಿ ಹೃದಯ ಮತ್ತು ಶ್ವಾಸಕೋಶಗಳಲ್ಲಿ ಮುಗಿಯಬಾರದು, ಮಿದುಳನ್ನೂ ಒಳಗೊಳ್ಳಬೇಕೆಂದು ಸಾರಿ, ಅದಕ್ಕಾಗಿಯೇ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು.

ಈ ಮೊದಲ ಕಾಲದಲ್ಲಿ ಮಿದುಳಿನ ರಕ್ಷಣೆ ವೈದ್ಯರ ಕೈಯಲ್ಲಿಲ್ಲ. ಹತ್ತಿರ ನಿಂತವರ ಕೈಯಲ್ಲಿದೆ. ಹೃದಯದ ಲಯ ತಪ್ಪಿ ಬಿದ್ದ ವ್ಯಕ್ತಿಗೆ ಏನೂ ಮಾಡದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಂಭವ ನೂರಕ್ಕೆ ಏಳರಿಂದ ಹತ್ತರಷ್ಟು ಕುಗ್ಗುತ್ತದೆ. ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತುತ್ತಿರಬೇಕು. ಈ ಕೆಲಸಕ್ಕೆ ಪಾಂಡಿತ್ಯ ಬೇಕಿಲ್ಲ. ಭಾರತದಲ್ಲಿ ಅರಿವಳಿಕೆ ತಜ್ಞರ ಸಂಘವು 2017ರಲ್ಲಿ ಸಾಮಾನ್ಯ ಜನರಿಗಾಗಿ ಎದೆಯೊತ್ತುವಿಕೆಯೊಂದನ್ನೇ ಹೇಳುವ ಸರಳ ಕ್ರಮವನ್ನು ಪ್ರಕಟಿಸಿದೆ. ನೀರಿನಲ್ಲಿ ಮುಳುಗಿದವರಿಗೆ ಮತ್ತು ಮಕ್ಕಳಿಗೆ ಉಸಿರು ಕೊಡುವುದೂ ಮುಖ್ಯವಾದದ್ದರಿಂದ ತರಬೇತಿ ಪಡೆದವರು ಎರಡನ್ನೂ ಮಾಡುವರು.

ಸಮಾಜವೊಂದು ಮನಸ್ಸು ಮಾಡಿದರೆ ಏನಾಗಬಹುದೆಂಬುದಕ್ಕೆ ಡೆನ್ಮಾರ್ಕ್ ದೇಶ ನಿದರ್ಶನ. ಅಲ್ಲಿ 2005ರಲ್ಲಿ ಶಾಲೆಗಳಲ್ಲಿ, 2006ರಲ್ಲಿ ವಾಹನ ಚಾಲನೆಯ ಪರವಾನಗಿ ಬಯಸುವವರಿಗೆ ಈ ತರಬೇತಿಯನ್ನು ಕಡ್ಡಾಯಗೊಳಿಸಲಾಯಿತು. ಆಸ್ಪತ್ರೆಯ ಹೊರಗೆ ಸ್ತಂಭನಕ್ಕೊಳಗಾದವರಲ್ಲಿ ದಾರಿಹೋಕರಿಂದ ನೆರವು ಪಡೆದವರ ಪ್ರಮಾಣ 2001ರಲ್ಲಿ ನೂರಕ್ಕೆ 21ರಷ್ಟಿದ್ದದ್ದು 2010ರಲ್ಲಿ 45ಕ್ಕೆ ಏರಿತು. ಮೂವತ್ತು ದಿನ ಬದುಕುಳಿದವರ ಪ್ರಮಾಣ ನೂರಕ್ಕೆ 3.5ರಿಂದ 10.8ಕ್ಕೆ ಏರಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಮಿದುಳು ಕೆಟ್ಟಿದ್ದರೆ ಎಂಬ ಭಯದಿಂದ ಕೈ ಹಿಂದೆಗೆಯುವುದು ಸರಿಯೇ? ಆ ನಿಮಿಷದಲ್ಲಿ ಮಿದುಳಿನ ಗತಿ ಏನೆಂಬುದು ನೋಡುವವನಿಗೂ ತಿಳಿಯದು, ನುರಿತ ವೈದ್ಯನಿಗೂ ತಿಳಿಯದು. ಆದರೆ ಒಂದು ಮಾತು ನಿಶ್ಚಿತ: ತಡೆದು ನಿಂತ ಪ್ರತಿಯೊಂದು ನಿಮಿಷವೂ ಯಾವ ಕೇಡಿಗೆ ಹೆದರಿ ನಿಂತನೋ ಆ ಕೇಡನ್ನೇ ಹೆಚ್ಚಿಸುತ್ತದೆ. ಹೀಗಿರುವಾಗ ಹಿಂಜರಿಕೆಯು ಕರುಣೆಯ ವೇಷ ತೊಟ್ಟ ಪ್ರಮಾದವೇ ಹೊರತು ಬೇರೆಯಲ್ಲ. ಇದಕ್ಕೆ ಅಪವಾದ ಒಂದೇ. ವಾಸಿಯಾಗದ ರೋಗದ ಕೊನೆಯ ಹಂತದಲ್ಲಿದ್ದು ತನಗೆ ಇಂತಹ ಪ್ರಯತ್ನ ಬೇಡವೆಂದು ಎಚ್ಚರವಿದ್ದಾಗಲೇ ತಿಳಿಸಿದವನ, ಅಥವಾ ವಿಧಿಪೂರ್ವಕವಾಗಿ ಅಂತಿಮ ವ್ರತದಲ್ಲಿರುವ ಸಾಧಕನ ಇಚ್ಛೆಯನ್ನು ಮೀರುವ ಅಧಿಕಾರ ಯಾರಿಗೂ ಇಲ್ಲ. ಉಳಿದೆಲ್ಲ ಕಡೆ, ಮೊದಲು ಕೈ, ವಿಚಾರ ಆಮೇಲೆ.

ಮೊದಲ ದಿನಗಳು: ಎರಡನೆಯ ಗಾಯ

ರಕ್ತದ ಹರಿವು ಮರಳಿದ ಕೂಡಲೇ ಅಪಾಯ ಕಳೆಯಿತೆಂದು ತಿಳಿಯುವುದು ಸಹಜ. ವಾಸ್ತವ ಹಾಗಿಲ್ಲ. ಮಾಸ್ಕೋದಲ್ಲಿ 1936ರಿಂದ ಪುನಶ್ಚೇತನದ ಪ್ರಯೋಗಾಲಯ ನಡೆಸಿದ ವ್ಲಾದಿಮಿರ್ ನೆಗೋವ್‌ಸ್ಕಿ ಎಂಬ ವಿಜ್ಞಾನಿ, ಮರಳಿ ಬಂದ ದೇಹದಲ್ಲಿ ಒಂದು ಹೊಸ ರೋಗವೇ ಹುಟ್ಟುತ್ತದೆಂದು ತೋರಿಸಿ ಅದಕ್ಕೆ ಪುನಶ್ಚೇತನೋತ್ತರ ರೋಗವೆಂದು ಹೆಸರಿಟ್ಟರು. ಬರಗಾಲದಿಂದ ಬಿರಿದ ಹೊಲಕ್ಕೆ ಒಮ್ಮೆಲೇ ಪ್ರವಾಹ ನುಗ್ಗಿದರೆ ಬೆಳೆ ಚಿಗುರುವ ಬದಲು ಮಣ್ಣೇ ಕೊಚ್ಚಿಹೋಗುವಂತೆ, ಹಸಿದ ನರಕೋಶಗಳಿಗೆ ರಕ್ತ ಮರಳಿದಾಗ ಅವುಗಳ ಒಳಗೆ ಹಾನಿಕಾರಕವಾದ ರಾಸಾಯನಿಕ ಕ್ರಿಯೆಗಳು ಸರಣಿಯಾಗಿ ನಡೆಯುತ್ತವೆ. ಕೋಶಗಳೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ಆಮ್ಲಜನಕವೇ ಉಗ್ರರೂಪ ತಾಳುತ್ತದೆ, ಮಿದುಳು ಊದಿಕೊಳ್ಳಬಹುದು. ಈ ಎರಡನೆಯ ಗಾಯ ಗಂಟೆಗಟ್ಟಲೆ, ದಿನಗಟ್ಟಲೆ ಮುಂದುವರಿಯುತ್ತದೆ. ನಿಧಾನವಾಗಿ ಆಗುವ ಹಾನಿಯಾದ್ದರಿಂದಲೇ ಅದನ್ನು ತಡೆಯಲು ಅವಕಾಶವೂ ಇದೆ.

ತಂಪು ಮಿದುಳನ್ನು ಕಾಯುತ್ತದೆಂಬ ನಂಬಿಕೆ ಹಳೆಯದು. 1999ರಲ್ಲಿ ನಾರ್ವೆಯಲ್ಲಿ ಹಿಮದ ಮೇಲೆ ಜಾರುತ್ತಿದ್ದ ಯುವ ವೈದ್ಯೆಯೊಬ್ಬರು ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದು ಸುಮಾರು 80 ನಿಮಿಷ ಸಿಲುಕಿಕೊಂಡರು; ಅವರ ದೇಹದ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹೃದಯ ನಿಂತಿತ್ತು. ಆದರೂ ಟ್ರೋಮ್ಸೊ ನಗರದ ಆಸ್ಪತ್ರೆಯಲ್ಲಿ ಅವರನ್ನು ಬೆಚ್ಚಗಾಗಿಸಿ ಬದುಕಿಸಲಾಯಿತು. ಕಾಲಾಂತರದಲ್ಲಿ ಅವರು ವೈದ್ಯವೃತ್ತಿಗೂ ಮರಳಿದರು. ಹೃದಯ ನಿಲ್ಲುವ ಮೊದಲೇ ಮಿದುಳು ತಣ್ಣಗಾಗಿ ಅದರ ಬೇಡಿಕೆ ಕುಗ್ಗಿದ್ದದ್ದು ಇದಕ್ಕೆ ಕಾರಣ.

ಆದರೆ ಮೊದಲು ಹೃದಯ ನಿಂತು, ಆಮೇಲೆ ತಂಪು ಮಾಡಿದರೆ? 2002ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಯೂರೋಪಿನ ಅಧ್ಯಯನದಲ್ಲಿ 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇರಿಸಿದವರಲ್ಲಿ ನೂರಕ್ಕೆ 55 ಮಂದಿಗೆ ಒಳ್ಳೆಯ ಚೇತರಿಕೆ ಕಂಡಿತು. ಹಾಗೆ ಮಾಡದವರಲ್ಲಿ 39 ಮಂದಿಗೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ಅಧ್ಯಯನದಲ್ಲಿ 77 ರೋಗಿಗಳಿದ್ದರು. ಅಲ್ಲಿಯೂ ಇಂತಹದೇ ಫಲ ಬಂದಿತು. ಜಗತ್ತಿನ ತೀವ್ರನಿಗಾ ಘಟಕಗಳು ರೋಗಿಗಳನ್ನು ತಂಪು ಮಾಡತೊಡಗಿದವು. ಕೆಲವು ವೈದ್ಯರು ಮಾತ್ರ ಒಂದು ಶಂಕೆಯನ್ನು ಬಿಡಲಿಲ್ಲ: ಉಪಕಾರ ಮಾಡಿದ್ದು ತಂಪೋ, ಅಥವಾ ಜ್ವರ ಬಾರದಂತೆ ತಡೆದದ್ದೋ? ಸ್ವೀಡನ್ನಿನ ನಿಕ್ಲಾಸ್ ನೀಲ್ಸನ್ ಮತ್ತು ಸಂಗಡಿಗರು 2013ರಲ್ಲಿ 939 ರೋಗಿಗಳಲ್ಲಿ 33 ಡಿಗ್ರಿ ಮತ್ತು 36 ಡಿಗ್ರಿಗಳನ್ನು ಹೋಲಿಸಿದರು, ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಸುಮಾರು 1,850 ರೋಗಿಗಳಲ್ಲಿ 33 ಡಿಗ್ರಿಯ ತಂಪನ್ನು, ಕೇವಲ ಜ್ವರ ಬಾರದಂತೆ ಕಾಯ್ದುಕೊಳ್ಳುವ ಕ್ರಮದೊಡನೆ ಹೋಲಿಸಲಾಯಿತು. ಆರು ತಿಂಗಳಲ್ಲಿ ತೀರಿಹೋದವರು ಒಂದು ಕಡೆ ನೂರಕ್ಕೆ 50, ಇನ್ನೊಂದು ಕಡೆ 48; ತಂಪು ಮಾಡಿದವರಲ್ಲಿ ಹೃದಯದ ಲಯ ತಪ್ಪುವ ತೊಂದರೆ ಮಾತ್ರ ಹೆಚ್ಚು. ಹೃದಯದ ಲಯ ವಿದ್ಯುದಾಘಾತದಿಂದ ಸರಿಪಡಿಸಲಾಗದ ಬಗೆಯದಾಗಿದ್ದವರಲ್ಲಿ ತಂಪಿನಿಂದ ಪ್ರಯೋಜನವಿದೆಯೆಂದು ಫ್ರಾನ್ಸಿನ 2019ರ ಅಧ್ಯಯನವೊಂದು ಹೇಳಿದ್ದರಿಂದ ಚರ್ಚೆ ಪೂರ್ತಿ ಮುಗಿದಿಲ್ಲ. ಆದರೂ ಎಲ್ಲರೂ ಒಪ್ಪುವ ಮಾತೆಂದರೆ ಜ್ವರ ಬರಗೊಡಬಾರದು, ಉಷ್ಣತೆ 37.5 ಡಿಗ್ರಿ ಮೀರದಂತೆ ನೋಡಿಕೊಳ್ಳಬೇಕು ಎಂಬುದು.

ಇದರಲ್ಲಿ ಧರ್ಮಜಿಜ್ಞಾಸುಗಳಿಗೆ ಒಂದು ಪಾಠವಿದೆ. ಇಪ್ಪತ್ತು ವರ್ಷ ನಂಬಿ ಆಚರಿಸಿದ ಚಿಕಿತ್ಸೆಯನ್ನು ಅದೇ ವೈದ್ಯಸಮುದಾಯ ಮರುಪರೀಕ್ಷೆಗೆ ಒಡ್ಡಿ, ಬಂದ ಉತ್ತರವನ್ನು ಒಪ್ಪಿಕೊಂಡಿತು. ತನ್ನ ಮತವೇ ಪೂರ್ಣಸತ್ಯವೆಂಬ ಹಟ ಬಿಡುವುದೇ ಅನೇಕಾಂತದ ಜೀವಾಳವಾದರೆ, ಇದು ಅದರ ಸಜೀವ ಆಚರಣೆ. ಇನ್ನೊಂದು ಪಾಠ ಮಿತಿಯದು. ಅದ್ಭುತವಾದ ಒಂದೇ ಮದ್ದು ಮಿದುಳನ್ನು ಕಾಯುವುದಿಲ್ಲ. ರಕ್ತದೊತ್ತಡ ಕುಸಿಯದಂತೆ, ಆಮ್ಲಜನಕ ಕಡಿಮೆಯಾಗದಂತೆ ಮತ್ತು ವಿಪರೀತವೂ ಆಗದಂತೆ, ಸಕ್ಕರೆಯ ಅಂಶ ಏರಿಳಿಯದಂತೆ, ಅಪಸ್ಮಾರದ ಸೆಳೆತಗಳು ಕಣ್ತಪ್ಪಿ ಹೋಗದಂತೆ ಹಗಲಿರುಳು ಕಾಯುವ ದಾದಿಯರ ಮತ್ತು ವೈದ್ಯರ ಎಚ್ಚರವೇ ಅದನ್ನು ಕಾಯುತ್ತದೆ. ಅಪ್ರಮಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ಮೂಕಜೀವಿಗಳ ಋಣ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇಲ್ಲಿ ಒಂದು ಕಹಿಸತ್ಯವನ್ನು ನೋಡದೆ ಮುಂದೆ ಹೋಗಲಾಗದು. ಎದೆಯೊತ್ತುವಿಕೆಯ ವಿಧಾನವೂ, ಮಿತವಾದ ತಂಪಿನ ವಿಚಾರವೂ ಬಹುಮಟ್ಟಿಗೆ ನಾಯಿಗಳ ಮೇಲಿನ ಪ್ರಯೋಗಗಳಿಂದ ಬಂದವು. ಸಾಫರ್ ಅವರ ಕೇಂದ್ರದಲ್ಲಿಯೂ, ನೆಗೋವ್‌ಸ್ಕಿಯವರ ಪ್ರಯೋಗಾಲಯದಲ್ಲಿಯೂ ನಾಯಿಗಳ ಹೃದಯವನ್ನು ನಿಲ್ಲಿಸಿ ಮರಳಿ ನಡೆಸಲಾಗಿದೆ. ಆ ನಾಯಿಗಳೂ ಸಂಜ್ಞಿ ಪಂಚೇಂದ್ರಿಯ ಜೀವಗಳು. ಹತ್ತು ಪ್ರಾಣಗಳೂ ಅವುಗಳಿಗಿದ್ದವು.

ಮನುಷ್ಯರಿಗೆ ಉಪಕಾರವಾಯಿತೆಂಬ ಮಾತು ಈ ಲೆಕ್ಕವನ್ನು ಸರಿದೂಗಿಸಿಬಿಡುವುದಿಲ್ಲ. ಪ್ರಾಣಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸುವುದೆಂಬ ಖಾತರಿಯೂ ಇಲ್ಲ. ಥಯೋಪೆಂಟಾಲ್ ಎಂಬ ಔಷಧ ಕೋತಿಗಳ ಮಿದುಳನ್ನು ಕಾಯುವಂತೆ ಕಂಡಿತ್ತು. ಆದರೆ 1986ರಲ್ಲಿ ಪ್ರಕಟವಾದ, 262 ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಹಾಗಾದರೆ ಈ ಜ್ಞಾನವನ್ನು ತಿರಸ್ಕರಿಸಬೇಕೇ? ತಿರಸ್ಕರಿಸಿದರೆ ಸತ್ತ ಪ್ರಾಣಿ ಮರಳಿ ಬರುವುದಿಲ್ಲ, ಬದುಕಬಹುದಾದ ಮನುಷ್ಯ ಸಾಯುತ್ತಾನೆ. ಒಂದು ಹಿಂಸೆಯ ಮೇಲೆ ಇನ್ನೊಂದು ಸೇರುತ್ತದೆ. ಸಾಲ ತಂದ ಹಣವೆಂದು ತಿಳಿದವನು ಅದನ್ನು ಪೋಲು ಮಾಡುವುದಿಲ್ಲ, ಸ್ವಂತ ಸಂಪಾದನೆಯೆಂದು ಜಂಬವನ್ನೂ ಪಡುವುದಿಲ್ಲ. ಈ ವಿದ್ಯೆಯನ್ನು ಹಾಗೆ ಸ್ವೀಕರಿಸಬೇಕು. ಇನ್ನು ಮುಂದೆ ಅನಾವಶ್ಯಕ ಪ್ರಯೋಗಗಳು ನಡೆಯಬಾರದೆಂದು ಒತ್ತಾಯಿಸುವುದೂ, ಬಂದ ಜ್ಞಾನವನ್ನು ಕಲಿಯದೆ ವ್ಯರ್ಥಗೊಳಿಸದಿರುವುದೂ ಆ ಋಣದ ಬಡ್ಡಿ. ನಾಯಿಗಳ ಪ್ರಾಣದ ಬೆಲೆಗೆ ಬಂದ ವಿದ್ಯೆಯನ್ನು ಕಲಿಯದೆ, ಕಣ್ಣೆದುರು ಬಿದ್ದ ಮನುಷ್ಯನನ್ನು ನೋಡುತ್ತ ನಿಲ್ಲುವುದು ಎರಡು ಪಟ್ಟು ದೋಷ.

ಮೂರು ದಿನಗಳ ತಾಳ್ಮೆ

ಹೃದಯ ಮರಳಿ, ರೋಗಿ ಕೋಮಾದಲ್ಲಿ ಮಲಗಿರುವಾಗ ಕುಟುಂಬ ಕೇಳುವ ಪ್ರಶ್ನೆ ಒಂದೇ: ಏಳುತ್ತಾರೆಯೇ? ಮೊದಲ ದಿನ ಈ ಪ್ರಶ್ನೆಗೆ ಉತ್ತರ ಹೇಳುವವರನ್ನು ಸುಲಭವಾಗಿ ನಂಬಬಾರದು. ನಿದ್ರೆ ತರಿಸುವ ಔಷಧಗಳ ಪ್ರಭಾವ, ದೇಹದ ಉಷ್ಣತೆ, ರಕ್ತದೊತ್ತಡ ಇವೆಲ್ಲ ಮಿದುಳಿನ ನಿಜಸ್ಥಿತಿಯನ್ನು ಮರೆಮಾಡುತ್ತವೆ. ಆದ್ದರಿಂದ ರಕ್ತಸಂಚಾರ ಮರಳಿದ ಮೇಲೆ ಕನಿಷ್ಠ 72 ಗಂಟೆಗಳು ಕಳೆಯುವವರೆಗೆ, ಔಷಧಗಳ ಅಮಲು ಪೂರ್ತಿ ಇಳಿಯುವವರೆಗೆ ನಿರಾಶೆಯ ತೀರ್ಮಾನ ಕೊಡಬಾರದೆಂದು ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಆಗಲೂ ಒಂದೇ ಪರೀಕ್ಷೆಯನ್ನು ನೆಚ್ಚುವಂತಿಲ್ಲ. ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆಯೇ, ಮಿದುಳಿನ ವಿದ್ಯುತ್ ಅಲೆಗಳು ಇ.ಇ.ಜಿ. ಪರೀಕ್ಷೆಯಲ್ಲಿ ಹೇಗಿವೆ, ಮುಂಗೈಯ ನರಕ್ಕೆ ಕೊಟ್ಟ ಪ್ರಚೋದನೆ ಮಿದುಳನ್ನು ಮುಟ್ಟುತ್ತಿದೆಯೇ, ರಕ್ತದ ಪರೀಕ್ಷೆ ಮತ್ತು ಸ್ಕ್ಯಾನ್ ಏನು ಹೇಳುತ್ತವೆ ಎಂದು ಹಲವು ಕಡೆಯಿಂದ ನೋಡಬೇಕು. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಿದಾಗ ತೀರ್ಮಾನ; ಸಾಕ್ಷಿಗಳು ಭಿನ್ನವಾದರೆ ಇನ್ನಷ್ಟು ಕಾಯುವುದು. ಮೂರು ದಿನಗಳಾಚೆ, ಒಂದು ವಾರದಾಚೆ ಕೂಡ ಎಚ್ಚರಗೊಂಡವರಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮವಾದ ಅಪಾಯವಿದೆ. ಈ ರೋಗಿ ಉಳಿಯುವುದಿಲ್ಲವೆಂದು ಮೊದಲೇ ನಿಶ್ಚಯಿಸಿ ಚಿಕಿತ್ಸೆ ನಿಲ್ಲಿಸಿದರೆ ರೋಗಿ ಉಳಿಯುವುದಿಲ್ಲ. ಆಗ ತೀರ್ಮಾನ ಸರಿಯಾಗಿತ್ತೆಂದೇ ತೋರುತ್ತದೆ. ತಪ್ಪು ತನ್ನ ಸಾಕ್ಷಿಯನ್ನು ತಾನೇ ಅಳಿಸಿಹಾಕುತ್ತದೆ. ರಶೀದಿಗಳೆಲ್ಲ ಬರುವ ಮೊದಲೇ ಖಾತೆ ಮುಚ್ಚಿ ನಷ್ಟವೆಂದು ಬರೆದಂತೆ. ಮೊದಲ ನಿಮಿಷಗಳಲ್ಲಿ ತಡ ಮಾಡುವುದು ಪ್ರಮಾದವಾದರೆ, ಮೊದಲ ದಿನಗಳಲ್ಲಿ ಆತುರಪಡುವುದು ಪ್ರಮಾದ. ಒಂದೇ ಎಚ್ಚರ ಅಲ್ಲಿ ವೇಗವಾಗಿ, ಇಲ್ಲಿ ತಾಳ್ಮೆಯಾಗಿ ಕಾಣಿಸಿಕೊಳ್ಳುತ್ತದೆ.

ಈ ಮೂರು ದಿನಗಳ ಖರ್ಚು ಸಣ್ಣದಲ್ಲವೆಂಬುದನ್ನೂ ಮರೆಯಬಾರದು. ತೀವ್ರನಿಗಾ ಘಟಕದ ಒಂದೊಂದು ದಿನವೂ ಸಾಧಾರಣ ಕುಟುಂಬವನ್ನು ಸಾಲಕ್ಕೆ ದೂಡಬಲ್ಲದು. ಎಷ್ಟೋ ಕಡೆ ಆತುರದ ತೀರ್ಮಾನಕ್ಕೆ ನಿಜವಾದ ಕಾರಣ ಮಿದುಳಿನ ಸ್ಥಿತಿಯಲ್ಲ, ಕೈಯಲ್ಲಿನ ಹಣ. ದಾನವೆಂಬುದು ಮಂದಿರದ ಗೋಪುರಕ್ಕೆ, ಪೂಜಾ ಸಾಮಗ್ರಿಗೆ ಮಾತ್ರ ಸಲ್ಲಬೇಕೆಂದಿಲ್ಲ. ಔಷಧದಾನ ಮತ್ತು ಅಭಯದಾನಗಳನ್ನು ಚತುರ್ವಿಧ ದಾನಗಳಲ್ಲಿ ಹಿಂದಿನವರು ಎಣಿಸಿದ್ದಾರೆ. ಒಂದು ಕುಟುಂಬಕ್ಕೆ 72 ಗಂಟೆಗಳ ತಾಳ್ಮೆಯನ್ನು ಕೊಡಬಲ್ಲ ನೆರವು ಎರಡೂ ದಾನಗಳ ಫಲವನ್ನು ಒಟ್ಟಿಗೆ ಕೊಡುವಂತಹುದು.

ಬಿಡಬೇಕಾದ ಕಾಲ

ಎಲ್ಲ ಪರೀಕ್ಷೆಗಳೂ ಮಿದುಳು ಮರಳುವುದಿಲ್ಲವೆಂದು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಎದುರಾಗುತ್ತದೆ: ಯಂತ್ರವನ್ನು ತೆಗೆಯುವುದು ಹಿಂಸೆಯೇ? ಕೆಲವರು ಅದನ್ನು ಸಲ್ಲೇಖನಕ್ಕೆ ಹೋಲಿಸುತ್ತಾರೆ. ಈ ಹೋಲಿಕೆ ಸರಿಯಲ್ಲ. ಸಲ್ಲೇಖನವು ಅರಿವುಳ್ಳವನು ತಾನಾಗಿ, ಗುರುಸಮ್ಮತಿಯಿಂದ, ಕಷಾಯಗಳನ್ನು ಕೃಶಗೊಳಿಸುತ್ತ ಕೈಗೊಳ್ಳುವ ವ್ರತ; ಶ್ರವಣಬೆಳಗೊಳದ ಬಂಡೆಗಳ ಮೇಲಿನ ಶಾಸನಗಳು ಸ್ಮರಿಸುವುದು ಅಂತಹ ಎಚ್ಚರದ ಮರಣಗಳನ್ನು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಅದನ್ನು ಆತ್ಮಹತ್ಯೆಗೆ ಸಮಾನವೆಂದಾಗ ಸಮಾಜ ಎತ್ತಿಹಿಡಿದದ್ದು ಇದೇ ಭೇದವನ್ನು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಅರಿವು ತಪ್ಪಿದವನ ಪರವಾಗಿ ಇನ್ನೊಬ್ಬರು ವ್ರತ ಹಿಡಿಯಲಾಗದು. ಅಲ್ಲಿ ನಡೆಯುವುದು ವ್ರತವಲ್ಲ, ಚಿಕಿತ್ಸೆಯ ಮಿತಿಯನ್ನು ಒಪ್ಪಿಕೊಳ್ಳುವುದು.

ಅದನ್ನು ಒಪ್ಪಿಕೊಳ್ಳುವುದು ಕೊಲೆಯಲ್ಲ. ಕೊಲ್ಲುವ ಭಾವವಿಲ್ಲದೆ, ಸಾಕಷ್ಟು ಕಾದು, ಹಲವರು ಪರೀಕ್ಷಿಸಿ, ಫಲವಿಲ್ಲದ ಯಾತನೆಯನ್ನು ಮುಂದುವರಿಸದಿರುವುದು ಪ್ರಮಾದವಲ್ಲ. ಅಲ್ಲಿ ಬಿಡದೆ ಹಿಡಿಯುವುದೇ ಮೋಹವಾಗಬಹುದು. ಭಾರತದ ಕಾನೂನೂ ಈ ಹಾದಿಯನ್ನು ಎಚ್ಚರದಿಂದ ತೆರೆದಿದೆ. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಚಿಕಿತ್ಸೆಯ ಬಗೆಗಿನ ಮುಂಗಡ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಚಿಕಿತ್ಸೆ ಹಿಂತೆಗೆಯುವ ಮುನ್ನ ಎರಡು ವೈದ್ಯಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಸುತ್ತೋಲೆಯನ್ನು 2025ರ ಜನವರಿಯಲ್ಲಿ ಹೊರಡಿಸಿದೆ. ಸಲ್ಲೇಖನದ ಮರ್ಮವನ್ನು ಬಲ್ಲ ಸಮಾಜಕ್ಕೆ ಇಚ್ಛಾಪತ್ರದ ಅರ್ಥ ಸುಲಭವಾಗಿ ತಿಳಿಯಬೇಕು: ಎಚ್ಚರವಿರುವಾಗಲೇ ತನ್ನ ಮಾತನ್ನು ಹೇಳಿಡುವುದು, ಮಕ್ಕಳ ತಲೆಯ ಮೇಲೆ ಆ ಭಾರವನ್ನು ಹೊರಿಸದಿರುವುದು.

ಬಿಡುವುದೊಂದೇ ಧರ್ಮವೆಂದೂ ಇದರ ಅರ್ಥವಲ್ಲ. ಯಂತ್ರದ ನೆರವಿಲ್ಲದೆ ಉಸಿರಾಡುತ್ತ, ಅರಿವು ಮರಳದೆ ವರ್ಷಗಟ್ಟಲೆ ಬದುಕುವವರುಂಟು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ದಾದಿಯಾಗಿ ಹೋದ ಅರುಣಾ ಶಾನಭಾಗ್ ಅವರ ಕಥೆ ಎಲ್ಲರಿಗೂ ತಿಳಿದದ್ದು. ಅವರ ಹೃದಯ ನಿಂತಿರಲಿಲ್ಲ. 1973ರ ನವೆಂಬರ್‌ನಲ್ಲಿ ಆಕ್ರಮಣಕಾರನೊಬ್ಬ ಕೊರಳನ್ನು ಬಿಗಿದಾಗ ಮಿದುಳಿಗೆ ಆಮ್ಲಜನಕ ತಪ್ಪಿತು. ಗಾಯ ಮಾತ್ರ ಅದೇ ಬಗೆಯದು. 2015ರ ಮೇ ತಿಂಗಳವರೆಗೆ, 42 ವರ್ಷ, ಕೆ.ಇ.ಎಂ. ಆಸ್ಪತ್ರೆಯ ದಾದಿಯರು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಅವರ ಆರೈಕೆಯನ್ನು ಒಪ್ಪಿಸುತ್ತ ನಡೆಸಿದರು. ಆಹಾರ ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ದಾದಿಯರು ಬಯಸಿದ್ದೂ ಅದನ್ನೇ. ಶಾಸ್ತ್ರಗಳು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಸೇವೆಗೆ ಇದಕ್ಕಿಂತ ಮೇಲಾದ ಲೌಕಿಕ ನಿದರ್ಶನ ಬೇಕೇ? ಯಾವ ಮಾರ್ಗವನ್ನು ಹಿಡಿದರೂ, ಮಲಗಿರುವ ದೇಹ ಒಬ್ಬ ವ್ಯಕ್ತಿಯದೆಂಬ ಗೌರವ ತಪ್ಪಬಾರದು.

ಎದ್ದು ಕುಳಿತವರ ವಿಷಯವನ್ನೂ ಇಲ್ಲಿ ಹೇಳಬೇಕು. ಹೃದಯಸ್ತಂಭನದಿಂದ ಪಾರಾಗಿ ಮನೆಗೆ ಬಂದ ಹಲವರಲ್ಲಿ ಮರೆವು, ಗಮನ ನಿಲ್ಲದಿರುವುದು, ಬೇಗನೆ ದಣಿವು, ಭಯ ಉಳಿದುಕೊಳ್ಳುತ್ತವೆ. ಹೊರಗೆ ಸರಿಯಾಗಿ ಕಾಣುವವನು ಲೆಕ್ಕ ತಪ್ಪಿದರೆ, ಹೆಸರು ಮರೆತರೆ ಮನೆಯವರು ಸೋಮಾರಿತನವೆಂದೋ ಹಟವೆಂದೋ ತಿಳಿಯುವುದುಂಟು. ಅದು ಸ್ವಭಾವದೋಷವಲ್ಲ, ಗಾಯದ ಗುರುತು. ಇಂತಹವರ ಬಳಿ ಕುಳಿತು ತಾಳ್ಮೆಯಿಂದ ನಡೆಸಿಕೊಳ್ಳುವುದೂ, ಅವರನ್ನು ನೋಡಿಕೊಳ್ಳುವ ಪತ್ನಿಗೋ ಸೊಸೆಗೋ ಒಂದು ದಿನದ ಬಿಡುವು ಮಾಡಿಕೊಡುವುದೂ ವಾತ್ಸಲ್ಯದ ಅಂಗವೇ.

ಟ್ರಸ್ಟ್‌ಗಳ ಹೊಣೆ

ಬಸದಿಗಳು ಹಲವೆಡೆ ಬೆಟ್ಟದ ಮೇಲಿವೆ. ವಯೋವೃದ್ಧರು ಉಪವಾಸವಿದ್ದು ನೂರಾರು ಮೆಟ್ಟಿಲು ಹತ್ತುತ್ತಾರೆ. ಅಭಿಷೇಕ, ಪಂಚಕಲ್ಯಾಣಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಅಲ್ಲಿ ಯಾರಾದರೂ ಕುಸಿದರೆ 108 ವಾಹನ ಬರುವವರೆಗಿನ ನಿಮಿಷಗಳು ಟ್ರಸ್ಟಿನ ವಶದಲ್ಲಿವೆ. ಕರ್ನಾಟಕದಲ್ಲಿ 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಈ ವಿಷಯದಲ್ಲಿ ಜನರ ಗಮನ ಹೆಚ್ಚಿತು. 2023ರಲ್ಲಿ ಅವರ ಹೆಸರಿನಲ್ಲಿಯೇ ಸರ್ಕಾರ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ಸಾರ್ವಜನಿಕ ಸ್ಥಳಗಳಲ್ಲಿ ಎ.ಇ.ಡಿ. ಯಂತ್ರಗಳನ್ನು ಇಡುವುದೂ ಅದರ ಉದ್ದೇಶಗಳಲ್ಲೊಂದು. ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಬೇಕಾದರೆ ಮಾತ್ರ ವಿದ್ಯುದಾಘಾತ ಕೊಡುವ ಈ ಪುಟ್ಟ ಯಂತ್ರವನ್ನು ಅದು ನುಡಿಯುವ ಸೂಚನೆಯಂತೆ ಸಾಮಾನ್ಯನೂ ಬಳಸಬಲ್ಲ.

ಪ್ರತಿಯೊಂದು ಟ್ರಸ್ಟೂ ವರ್ಷಕ್ಕೊಮ್ಮೆ ಅರ್ಚಕರು, ಕಾವಲುಗಾರರು, ಪಾಠಶಾಲೆಯ ಮಕ್ಕಳು, ಮಹಿಳಾ ಸಮಾಜದ ಸದಸ್ಯರನ್ನು ಸೇರಿಸಿ ಎದೆಯೊತ್ತುವಿಕೆಯ ತರಬೇತಿ ಕೊಡಿಸುವುದು ಕಷ್ಟವಲ್ಲ. ಶಕ್ತಿಯಿದ್ದ ಕಡೆ ಒಂದು ಎ.ಇ.ಡಿ. ಯಂತ್ರ, ಎಲ್ಲರಿಗೂ ಕಾಣುವ ಜಾಗದಲ್ಲಿ. ಬಡ ಕುಟುಂಬಗಳಿಗೆ ಮೊದಲ ಮೂರು ದಿನಗಳ ವೆಚ್ಚಕ್ಕೊಂದು ನಿಧಿ. ಹಿರಿಯರಿಗೆ ಇಚ್ಛಾಪತ್ರದ ತಿಳಿವಳಿಕೆ ನೀಡುವ ಒಂದು ಸಂಜೆ. ಈ ನಾಲ್ಕರಿಂದ ಆಗಬಹುದಾದ ಉಪಕಾರ ದೊಡ್ಡದು.

ನೀರನ್ನು ಸೋಸಿ ಕುಡಿಯುವ, ಕಾಲಿಡುವ ಮುನ್ನ ನೆಲ ನೋಡುವ ಸಂಸ್ಕಾರ ಈ ಸಮಾಜಕ್ಕೆ ಶತಮಾನಗಳಿಂದ ಬಂದಿದೆ. ಕಣ್ಣಿಗೆ ಕಾಣದ ಜೀವಿಗಾಗಿ ಇಷ್ಟು ಎಚ್ಚರ ವಹಿಸುವವರು, ಕಣ್ಣೆದುರೇ ಬಿದ್ದ ನೆರೆಯವನ ಮಿದುಳಿಗೆ ಉಳಿದಿರುವ ನಾಲ್ಕೈದು ನಿಮಿಷಗಳ ವಿಷಯದಲ್ಲಿ ಅಜ್ಞಾನಿಗಳಾಗಿರುವುದು ಶೋಭಿಸದು. ಮೊದಲು ವೇಗ, ಅನಂತರ ತಾಳ್ಮೆ, ಕೊನೆಗೆ ಮೋಹವಿಲ್ಲದ ವಿವೇಕ. ಮೂರಕ್ಕೂ ತಾಯಿಬೇರು ಅಪ್ರಮಾದವೇ.